ಕಾಫಿ ಸೀಮೆಯ ಮಣ್ಣುದಾರಿ ಸೈಕಲ್ ಸವಾರಿ: ಹೆಬ್ಬೆ ಮತ್ತು ಬಾಬಾಬುಡನ್ ಗಿರಿಯ ಉತ್ತರ ಮಗ್ಗುಲು

ಡಾಂಬರು ಮುಗಿದ ಮೇಲೆ ಶುರುವಾಗುವ ಗುಡ್ಡದ ದಾರಿಗಳಲ್ಲಿ, ಅಗಲ ಟೈರಿನ ಹಗುರ ಸೈಕಲ್ ಏರಿ ದೂರ ಸಾಗುವ ಹವ್ಯಾಸಕ್ಕೆ ಜಗತ್ತಿನಾದ್ಯಂತ ಗ್ರಾವೆಲ್ ಬೈಕಿಂಗ್ ಎಂಬ ಹೆಸರು ನಿಂತಿದೆ. ಇಟಲಿಯಲ್ಲಿ ಇದು ದ್ರಾಕ್ಷಿ ತೋಟಗಳ ಗುಡ್ಡಗಳಲ್ಲಿ ಬೆಳೆಯಿತು. ಕರ್ನಾಟಕದಲ್ಲಿ ಇಂಥ ಸವಾರಿಗೆ ಒಪ್ಪುವ ನೆಲ ಕಾಫಿಯದು. ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನ ಹೆಬ್ಬೆ, ಅದರ ನೆತ್ತಿಯ ಮೇಲಿನ ಕೆಮ್ಮಣ್ಣುಗುಂಡಿ, ಬುಡದಲ್ಲಿ ಹರಡಿದ ಲಿಂಗದಹಳ್ಳಿ, ಕಡೂರು, ಅಜ್ಜಂಪುರದ ಬಯಲು, ಇಷ್ಟೂ ಸೇರಿ ಈ ಲೇಖನದ ವ್ಯಾಪ್ತಿ. ಇಲ್ಲಿನ ಒಂದು ದಾರಿಯನ್ನೂ ಸೈಕಲ್ಲಿಗಾಗಿ ಯಾರೂ ಕಡಿದಿಲ್ಲ. ಅದಿರು ಸಾಗಿಸಲು, ಕಾಫಿ ಮೂಟೆ ಇಳಿಸಲು, ಕಾಡು ಕಾಯಲು ಕಡಿದ ದಾರಿಗಳಿವು. ಸವಾರಿ ಯಾವಾಗ, ಎಲ್ಲಿ, ಹೇಗೆ ಎಂಬುದನ್ನು ಇಂದಿಗೂ ಆ ಕೆಲಸಗಳೇ ನಿರ್ಧರಿಸುತ್ತವೆ.

ನೆಲದ ಸ್ವರೂಪ

ಬಾಬಾಬುಡನ್ ಗಿರಿಶ್ರೇಣಿ, ಅಂದರೆ ಚಂದ್ರದ್ರೋಣ ಪರ್ವತ, ಅರ್ಧಚಂದ್ರಾಕಾರದಲ್ಲಿ ಬಾಗಿ ನಿಂತಿದೆ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ (ಸುಮಾರು 1,930 ಮೀಟರ್) ದಕ್ಷಿಣದ ತೋಳಿನಲ್ಲಿದೆ. ಕೆಮ್ಮಣ್ಣುಗುಂಡಿ (1,434 ಮೀಟರ್) ಉತ್ತರದ ತೋಳಿನಲ್ಲಿದೆ. ಬಾಗಿನ ಒಳಗಿರುವುದು ಜಾಗರ ಕಣಿವೆ. ಆ ಮಗ್ಗುಲಲ್ಲಿ ಸುರಿದ ಮಳೆ ಭದ್ರಾ ನದಿ ಸೇರುತ್ತದೆ. ಪೂರ್ವದ ಮಗ್ಗುಲಿನ ನೀರು ಅಯ್ಯನಕೆರೆ, ಮದಗದ ಕೆರೆಗಳನ್ನು ತುಂಬಿಸಿ ವೇದಾವತಿಯ ಕಡೆಗೆ ಹರಿಯುತ್ತದೆ. ಒಂದೇ ಗುಡ್ಡದ ಎರಡು ಕಡೆ ಎರಡು ಸೀಮೆಗಳಿವೆ. ಪಶ್ಚಿಮದ ಇಳಿಜಾರಿನಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಕಡೂರಿನಲ್ಲಿ ಸುಮಾರು 600 ಮಿ.ಮೀ. ಕಡೂರಿನಿಂದ ಕೆಮ್ಮಣ್ಣುಗುಂಡಿಗೆ ನೇರ ಗೆರೆ ಎಳೆದರೆ 30 ಕಿಲೋಮೀಟರೂ ಆಗುವುದಿಲ್ಲ. ಬೆಳಿಗ್ಗೆ ರಾಗಿ ಹೊಲದ ನಡುವೆ ಹೊರಟ ಸವಾರ ಮಧ್ಯಾಹ್ನಕ್ಕೆ ಪಾಚಿ ಹಿಡಿದ ಮರಗಳ ನೆರಳಿನಲ್ಲಿ ಇರಬಹುದು. ಈ ನಾಡಿನ ಸವಾರಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದೇ ಬದಲಾವಣೆ. ಕಾರಿನಲ್ಲಿ ಹೋದವರಿಗೆ ಇದು ಒಂದು ಗಂಟೆಯಲ್ಲಿ ಕಳೆದುಹೋಗುತ್ತದೆ. ಸೈಕಲ್ಲಿನಲ್ಲಿ ಗಾಳಿ ತಂಪಾಗುವುದು, ಮಣ್ಣಿನ ಬಣ್ಣ ತಿರುಗುವುದು, ಅಡಕೆ ತೋಟ ಹಿಂದೆ ಸರಿದು ಕಾಫಿ ಎದುರಾಗುವುದು, ಎಲ್ಲವೂ ಮೈಗೆ ತಾಕುತ್ತವೆ.

ಹೆಬ್ಬೆ ಜಲಪಾತ ಕೆಮ್ಮಣ್ಣುಗುಂಡಿಯ ಕೆಳಗೆ, ಕಾಫಿ ತೋಟ ಮತ್ತು ಕಾಡು ಒಂದಕ್ಕೊಂದು ತಾಗುವ ಜಾಗದಲ್ಲಿದೆ. ಒಟ್ಟು ಎತ್ತರ ಸುಮಾರು 168 ಮೀಟರ್. ನೀರು ಎರಡು ಹಂತದಲ್ಲಿ ಧುಮುಕುತ್ತದೆ. ಜನ ಅವನ್ನು ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎನ್ನುತ್ತಾರೆ. ಅಲ್ಲಿಗೆ ಇಳಿಯುವ ದಾರಿ ಕಲ್ಲು, ಕೊರಕಲು, ಕೆಂಪು ಮಣ್ಣಿನದು. ಕೊನೆಗೆ ಹಳ್ಳಗಳನ್ನು ದಾಟಿ ನಡೆದೇ ಹೋಗಬೇಕು. ಮಳೆಗಾಲ ಮುಗಿದು ತಿಂಗಳಾದರೂ ಇಂಬಳದ ಕಾಟ ತಪ್ಪುವುದಿಲ್ಲ.

ಈ ಮಣ್ಣು ಕೆಂಪಾಗಿರುವುದು ಕಬ್ಬಿಣದಿಂದ. ಗಿರಿಶ್ರೇಣಿಯ ಮೈಯಲ್ಲಿ ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆ ಇದೆ. ಧಾರವಾಡ ಶಿಲಾಸಮೂಹದ ಈ ಪದರಗಳಿಗೆ ಭೂವಿಜ್ಞಾನಿಗಳು ಬಾಬಾಬುಡನ್ ಎಂಬ ಹೆಸರನ್ನೇ ಕೊಟ್ಟಿದ್ದಾರೆ. 250 ಕೋಟಿ ವರ್ಷಕ್ಕೂ ಹಿಂದಿನ ಶಿಲೆಗಳಿವು. ಬಿಸಿಲು ಮಳೆಗೆ ಸಿಕ್ಕು ಮೇಲ್ಪದರ ಮುರಕಲ್ಲಾಗಿದೆ. ಮುರಕಲ್ಲು ಒಡೆದು ಉದುರಿದ ಗುಂಡು ಗುಂಡಾದ ಕೆಂಪು ಹರಳೇ ಇಲ್ಲಿನ ದಾರಿಗಳ ಹೊದಿಕೆ. ಒಣಗಿದಾಗ ಅದು ಗಟ್ಟಿಯಾಗಿ ಕೂತು ಚಕ್ರಕ್ಕೆ ಒಳ್ಳೆಯ ಹಿಡಿತ ಕೊಡುತ್ತದೆ. ಬಿರುಬೇಸಿಗೆಯಲ್ಲಿ ಸಡಿಲವಾಗಿ, ತಿರುವುಗಳಲ್ಲಿ ಮುಂದಿನ ಚಕ್ರ ಜಾರಿಸುತ್ತದೆ. ಜೋರು ಮಳೆಯಲ್ಲಿ ಹರಳು ಕೊಚ್ಚಿಹೋಗಿ ಕೆಳಗಿನ ಜೇಡಿ ಹೊರಬೀಳುತ್ತದೆ. ಬಯಲಿನ ಕಡೆ ಅಜ್ಜಂಪುರ, ಶಿವನಿ ಸುತ್ತಿನ ಎರೆಮಣ್ಣಿನ ಗುಣವೇ ಬೇರೆ. ಅದು ಒಣಗಿದ್ದರೆ ಸರಾಗ. ಹತ್ತು ನಿಮಿಷ ಮಳೆ ಬಿದ್ದರೆ ಚಕ್ರಕ್ಕೂ ಫೋರ್ಕಿಗೂ ನಡುವೆ ಮೆತ್ತಿಕೊಂಡು, ಸೈಕಲ್ ಹೊತ್ತು ನಡೆಯಬೇಕಾಗುತ್ತದೆ.

ದಾರಿ ಮಾಡಿದವರು

ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮೆನ್‌ನ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ನೆಟ್ಟರೆಂಬುದು ನಾಡಿನ ಐತಿಹ್ಯ. ಅವರ ಹೆಸರಿನ ಗುಹೆ ಮತ್ತು ದತ್ತಾತ್ರೇಯ ಪೀಠ ಒಂದೇ ಸ್ಥಳದಲ್ಲಿದ್ದು, ಹಿಂದೂ, ಮುಸ್ಲಿಂ ಎರಡೂ ಸಮುದಾಯದ ಭಕ್ತರು ಅಲ್ಲಿಗೆ ಬರುತ್ತಾರೆ. ಕಾಫಿ ದೊಡ್ಡ ತೋಟಗಾರಿಕೆಯಾಗಿ ಬೆಳೆದದ್ದು 19ನೇ ಶತಮಾನದಲ್ಲಿ, ಯುರೋಪಿಯನ್ ಪ್ಲಾಂಟರುಗಳು ಬಂದ ಮೇಲೆ. ಬೆಳೆದ ಕಾಫಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಮಂಗಳೂರು ಸೇರಬೇಕಿತ್ತು. ಮೂಟೆ ಹೇರಿದ ಗಾಡಿ ಕಡಿದಾದ ಏರನ್ನು ಹತ್ತಲಾರದು, ಕಡಿದಾದ ಇಳಿಜಾರಿನಲ್ಲಿ ನಿಲ್ಲಲಾರದು. ಹಾಗಾಗಿ ಹಳೆಯ ಗಾಡಿದಾರಿಗಳು ಗುಡ್ಡದ ಮೈಯನ್ನು ಬಳಸಿಕೊಂಡು, ಸುತ್ತು ಹೆಚ್ಚಾದರೂ ಏರು ಕಡಿಮೆ ಇರುವಂತೆ ಸಾಗುತ್ತವೆ. ಜೀಪು ಬಂದ ಮೇಲೆ ಕಡಿದ ದಾರಿಗಳು ಆ ತಾಳ್ಮೆ ತೋರಿಲ್ಲ. ಅವು ನೇರ ಏರುತ್ತವೆ. ಸೈಕಲ್ ಸವಾರನ ಮೊಣಕಾಲಿಗೆ ಈ ವ್ಯತ್ಯಾಸ ಮೊದಲ ಫರ್ಲಾಂಗಿನಲ್ಲೇ ಗೊತ್ತಾಗುತ್ತದೆ. ಕಾಲಿನಿಂದ ತುಳಿಯುವವನಿಗೆ ಎತ್ತಿಗಾಗಿ ಮಾಡಿದ ದಾರಿಗಿಂತ ಒಳ್ಳೆಯ ದಾರಿ ಮತ್ತೊಂದಿಲ್ಲ.

ಎರಡನೆಯ ಗುಂಪಿನ ದಾರಿಗಳು ಅದಿರಿನವು. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ ಭದ್ರಾವತಿಯಲ್ಲಿ ಕಟ್ಟಿದ ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರುಮಾಡಿತು. ಅದಕ್ಕೆ ಅದಿರು ಸಿಕ್ಕಿದ್ದು ಕೆಮ್ಮಣ್ಣುಗುಂಡಿಯಿಂದ. ಗುಡ್ಡದ ಮೇಲೆ ಅಗೆದ ಅದಿರು ತೂಗುಹಗ್ಗದ ತೊಟ್ಟಿಲುಗಳಲ್ಲಿ ತಣಿಗೆಬೈಲಿಗೆ ಇಳಿದು, ಅಲ್ಲಿಂದ ಕಿರುಹಳಿಯ ಟ್ರಾಮಿನಲ್ಲಿ ಭದ್ರಾವತಿಗೆ ಹೋಗುತ್ತಿತ್ತು. ಕುಲುಮೆಗೆ ಬೇಕಾದ ಇದ್ದಿಲು ಸುತ್ತಲಿನ ಕಾಡಿನದೇ. ಗಣಿ ಈಗ ನಿಂತಿದೆ. ಮೈಸೂರು ಅರಸು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ತಂಗುದಾಣವೂ ಆಗಿದ್ದ ಈ ಗಿರಿಧಾಮ ಇಂದು ತೋಟಗಾರಿಕೆ ಇಲಾಖೆಯ ವಶದಲ್ಲಿದೆ. ಗುಲಾಬಿ ತೋಟ ನೋಡಲು ಬರುವ ಬಹಳ ಮಂದಿಗೆ, ತಾವು ನಿಂತಿರುವುದು ರಾಜ್ಯದ ಕೈಗಾರಿಕಾ ಚರಿತ್ರೆಯ ಒಂದು ಮುಖ್ಯ ಸ್ಥಳದಲ್ಲಿ ಎಂಬುದು ತಿಳಿದಿರುವುದಿಲ್ಲ. ಗಣಿಯ ಕಥೆ ಹೇಳುವ ದೊಡ್ಡ ಫಲಕವೊಂದು ಇಲ್ಲಿ ಇರಲೇಬೇಕು ಎಂದು ನನ್ನ ಅನಿಸಿಕೆ.

ಮೂರನೆಯವು ಅರಣ್ಯ ಇಲಾಖೆಯ ದಾರಿಗಳು: ಮರ ಸಾಗಿಸಲು, ಗಸ್ತು ತಿರುಗಲು, ಬೆಂಕಿ ರೇಖೆ ಸವರಲು ಮಾಡಿದವು. ಇವುಗಳ ವಿಚಾರ ಮುಂದೆ ಬರುತ್ತದೆ.

ತೋಟದ ಒಳದಾರಿಯನ್ನು ಕಾಪಾಡುವುದು ಬಿಡುವಿಲ್ಲದ ಕೆಲಸ. ಮುಂಗಾರು ಒಂದೇ ವರ್ಷದಲ್ಲಿ ದಾರಿಯನ್ನು ಹಳ್ಳ ಮಾಡಿಬಿಡಬಲ್ಲದು. ನೀರು ದಾರಿಯ ಉದ್ದಕ್ಕೂ ಓಡದಂತೆ ಅಲ್ಲಲ್ಲಿ ಅಡ್ಡ ಚರಂಡಿ ತೆಗೆಯುತ್ತಾರೆ, ಮೋರಿ ಕಟ್ಟುತ್ತಾರೆ. ಹಣ್ಣು ಕೊಯ್ಲಿಗೆ ಮುನ್ನ ಕಳೆ ಸವರಿ, ಗುಂಡಿಗೆ ಗ್ರಾವೆಲ್ ಮಣ್ಣು ತುಂಬಿ, ಟ್ರ್ಯಾಕ್ಟರ್ ಮತ್ತು ಪಿಕಪ್ ಓಡುವಂತೆ ಮಾಡುತ್ತಾರೆ. ಸವಾರ ಇಳಿಯುತ್ತ ಅಡ್ಡ ಚರಂಡಿಯನ್ನು ಬೈಯುವುದುಂಟು. ಆದರೆ ಆ ಚರಂಡಿ ಇಲ್ಲದಿದ್ದರೆ ಇಳಿಯಲು ದಾರಿಯೇ ಉಳಿದಿರುತ್ತಿರಲಿಲ್ಲ.

ಸೈಕಲ್ ಮತ್ತು ಏರು

ಗ್ರಾವೆಲ್ ಸೈಕಲ್ಲಿನ ಹ್ಯಾಂಡಲ್ ರೇಸಿಂಗ್ ಸೈಕಲ್ಲಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ ಅಗಲ, ಸಾಮಾನ್ಯವಾಗಿ 38ರಿಂದ 50 ಮಿ.ಮೀ. ಡಿಸ್ಕ್ ಬ್ರೇಕ್, ಕಡಿಮೆ ಗಾಳಿ ಒತ್ತಡ, ಟ್ಯೂಬಿಲ್ಲದ ಟೈರಿನೊಳಗೆ ತೂತು ಮುಚ್ಚುವ ದ್ರವ ಇದರ ಇತರ ಲಕ್ಷಣಗಳು. ಈ ಸೀಮೆಯಲ್ಲಿ ಆ ದ್ರವಕ್ಕೆ ಬಿಡುವಿಲ್ಲ: ಬಯಲಿನಲ್ಲಿ ಜಾಲಿ ಮುಳ್ಳು, ತಪ್ಪಲಿನಲ್ಲಿ ಬಿದಿರು ಮುಳ್ಳು. ತೋಟದೊಳಗೆ ಸಿಲ್ವರ್ ಓಕ್ ಮರದ ಒಣ ಎಲೆ ದಾರಿ ತುಂಬ ಹಾಸಿರುತ್ತದೆ. ಅದರಡಿ ಕಲ್ಲಿದೆಯೋ ಚರಂಡಿಯಿದೆಯೋ ಕಾಣುವುದಿಲ್ಲ, ಒದ್ದೆಯಾದರೆ ಬಹಳ ಜಾರುತ್ತದೆ.

ತರೀಕೆರೆ ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಏರುವುದೆಂದರೆ 700 ಮೀಟರಿಗೂ ಹೆಚ್ಚು ಎತ್ತರ ಗಳಿಸುವುದು. ಸವಾರ, ಸೈಕಲ್, ನೀರು ಸೇರಿ 85 ಕಿಲೋ ಎಂದುಕೊಂಡರೆ, ಆ ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 580 ಕಿಲೋಜೂಲ್. ಸ್ನಾಯುಗಳು ಉಂಡ ಅನ್ನದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನು ಮಾತ್ರ ಕೆಲಸಕ್ಕೆ ತಿರುಗಿಸುವುದರಿಂದ, ಬರಿಯ ಏರಿಗೇ 550 ಕಿಲೋ ಕ್ಯಾಲೊರಿಗೂ ಹೆಚ್ಚು ಖರ್ಚಾಗುತ್ತದೆ. ಮಣ್ಣಿನ ಎಳೆತ ಇದರ ಮೇಲೆ. ಕಡಿದಾದ ಕಡೆ ಮುಂದಿನ ಹಲ್ಲುಗಾಲಿಯಲ್ಲಿ 30, ಹಿಂದಿನದರಲ್ಲಿ 42 ಹಲ್ಲಿನ ಗೇರು ಹಾಕಿ ನಿಮಿಷಕ್ಕೆ 60 ಸುತ್ತು ತುಳಿದರೆ ವೇಗ ಗಂಟೆಗೆ ಆರು ಕಿಲೋಮೀಟರ್ ಮುಟ್ಟುವುದಿಲ್ಲ. ಅದು ಬಿರುಸಾಗಿ ನಡೆಯುವವರ ವೇಗ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಲಿಂಗದಹಳ್ಳಿ ದಾಟಿದ ಮೇಲೆ ಘಾಟಿ ಶುರು. ದಾರಿಯಲ್ಲಿ ಕಲ್ಲತ್ತಿಗಿರಿ ಜಲಪಾತ ಮತ್ತು ನೀರಿನ ಪಕ್ಕದಲ್ಲೇ ಬಂಡೆಗೆ ಒರಗಿದ ವೀರಭದ್ರನ ಗುಡಿ ಇವೆ. ವಿಜಯನಗರ ಕಾಲದ್ದೆಂದು ಹೇಳುವ ಈ ಗುಡಿಯ ಮುಂದೆ ನೀರಿಗೆ ತಲೆಯೊಡ್ಡಿ ನಿಂತರೆ ಏರಿದ ಸುಸ್ತು ಅಲ್ಲೇ ಇಳಿದುಹೋಗುತ್ತದೆ. ಇಲ್ಲಿಯವರೆಗೂ ಡಾಂಬರು. ಕೆಮ್ಮಣ್ಣುಗುಂಡಿಯಿಂದ ಬಾಬಾಬುಡನ್ ಗಿರಿಯ ಕಡೆ ಏಣಿನ ಮೇಲೆ ಸಾಗುವ ದಾರಿ ಒರಟು. ಒಂದು ಮಗ್ಗುಲಲ್ಲಿ ಜಾಗರ ಕಣಿವೆ, ಇನ್ನೊಂದರಲ್ಲಿ ಬಯಲುಸೀಮೆಯ ಕೆರೆಗಳು. ಏಣಿನಲ್ಲಿ ಮರಗಳು ಕಡಿಮೆ, ಹುಲ್ಲು ಹೆಚ್ಚು; ಶೋಲಾ ಕಾಡು ಸಂದುಗಳಲ್ಲಿ ಮಾತ್ರ ಅಡಗಿದೆ. 2022ರ ಸೆಪ್ಟೆಂಬರಿನಲ್ಲಿ ಈ ಗಿರಿಯ ಇಳಿಜಾರುಗಳಲ್ಲಿ ನೀಲಕುರಿಂಜಿ ಅರಳಿ ಜನ ಮುಗಿಬಿದ್ದಿದ್ದರು.

ಬಯಲಿನ ಸವಾರಿಯನ್ನು ಕೀಳಾಗಿ ಕಾಣುವವರಿದ್ದಾರೆ, ಅದು ಸರಿಯಲ್ಲ. ತರೀಕೆರೆಯಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಅಮೃತಾಪುರವಿದೆ. ಎರಡನೇ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇವಾಲಯದ ಕಂಬಗಳ ನುಣುಪು ಬೇಲೂರಿಗೆ ಸಾಟಿ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರದ ಕಾವಲು, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿ, ಭದ್ರಾ ನಾಲೆಗಳ ಬದಿಯ ಮಣ್ಣುದಾರಿಗಳು, ಅಜ್ಜಂಪುರದ ಹತ್ತಿರ ಗುಡ್ಡ ಕೊರೆದು ಸಾಗುವ ಭದ್ರಾ ಮೇಲ್ದಂಡೆ ಯೋಜನೆಯ ಸುರಂಗ, ಇವೆಲ್ಲ ಒಂದು ದಿನದ ತುಳಿತದೊಳಗೆ ಸಿಗುತ್ತವೆ. ಗಿರಿಯ ಪೂರ್ಣ ಆಕಾರ ಕಣ್ಣಿಗೆ ಬೀಳುವುದು ಬಯಲಿನಿಂದ ಮಾತ್ರ.

ಋತು

ಸವಾರಿಯ ಪಂಚಾಂಗ ಕಾಫಿಯದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಮಂಜು, ಇಂಬಳ; ಕುಸಿದ ಮಣ್ಣು, ಉರುಳಿದ ಮರ. ಗುಡ್ಡದ ಮಣ್ಣುದಾರಿಗೆ ಆಗ ಸೈಕಲ್ ಇಳಿಸಬಾರದು, ಏಕೆಂದರೆ ಒದ್ದೆ ದಾರಿಯಲ್ಲಿ ಚಕ್ರ ಕೊರೆದ ಗೆರೆಯೇ ಮರುದಿನ ನೀರಿನ ಕಾಲುವೆಯಾಗುತ್ತದೆ. ದೀಪಾವಳಿಯ ನರಕ ಚತುರ್ದಶಿಗೆ ದೇವೀರಮ್ಮನ ಬೆಟ್ಟ ಹತ್ತಲು ಸಾವಿರಾರು ಜನ ಬರುತ್ತಾರೆ. ಡಿಸೆಂಬರಿನ ದತ್ತ ಜಯಂತಿಯ ದಿನಗಳಲ್ಲಿ ಗಿರಿಯ ರಸ್ತೆಗಳಿಗೆ ನಿರ್ಬಂಧವಿರುತ್ತದೆ. ಈ ದಿನಗಳನ್ನು ಮೊದಲೇ ನೋಡಿಕೊಂಡು ಹೊರಡುವುದು ಒಳ್ಳೆಯದು.

ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೆ ರೋಬಸ್ಟಾ. ದಾರಿ ಆಗ ತಾನೇ ರಿಪೇರಿಯಾಗಿ ಚೊಕ್ಕಟವಾಗಿರುತ್ತದೆ, ಹವೆ ತಂಪು. ಸವಾರನಿಗೆ ಇದಕ್ಕಿಂತ ಹಿತವಾದ ಕಾಲವಿಲ್ಲ. ತೋಟದವರಿಗೆ ಇದಕ್ಕಿಂತ ಒತ್ತಡದ ಕಾಲವಿಲ್ಲ. ಬೆಳಿಗ್ಗೆ ಲೈನ್ ಮನೆಗಳಿಂದ ಆಳುಗಳು ಹೊರಡುತ್ತಾರೆ, ರೈಟರ್ ಹಾಜರಿ ಬರೆಯುತ್ತಾನೆ. ಸಂಜೆ ಹಣ್ಣು ತೂಗಿ, ಪಲ್ಪರಿಗೆ ಹಾಕಿ, ತೊಳೆದ ಬೀಜವನ್ನು ಕಣದಲ್ಲಿ ಹರಡುತ್ತಾರೆ. ಕಣ ಅಗಲವಾಗಿ, ಮಟ್ಟಸವಾಗಿ ದಾರಿಗೆ ಹೊಂದಿಕೊಂಡಿರುವುದರಿಂದ ಹೊಸಬರು ಅದರ ಮೇಲೇ ಸೈಕಲ್ ಓಡಿಸಿಬಿಡುತ್ತಾರೆ. ಅಲ್ಲಿ ಹರಡಿರುವುದು ಒಂದು ಮನೆಯ ವರ್ಷದ ಅನ್ನ. ಮೂಟೆ ಹೇರಿದ ಪಿಕಪ್ ಏರಿ ಬರುತ್ತಿದ್ದರೆ ಸೈಕಲ್ ಇಳಿದು, ಮೇಲಿನ ಬದಿಗೆ ಸರಿದು ನಿಲ್ಲಬೇಕು. ಆ ಗಾಡಿ ನಿಂತರೆ ಮತ್ತೆ ಏರುವುದು ಕಷ್ಟ.

ಫೆಬ್ರವರಿಯ ಕೊನೆಯಿಂದ ಎಲ್ಲರ ಕಣ್ಣು ಮುಗಿಲ ಮೇಲೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳು ಬೆಳ್ಳಗೆ ಹೂ ಬಿಡುತ್ತವೆ. ಮಲ್ಲಿಗೆಯಂಥ ಆ ಪರಿಮಳ ಮೈಲಿಗಟ್ಟಲೆ ಹಬ್ಬಿರುತ್ತದೆ, ಧೂಳು ಅಡಗಿರುತ್ತದೆ, ಹರಳು ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಒಂದೇ ವಾರ ಸವಾರಿ ಮಾಡಬಹುದೆಂದಾದರೆ ಆ ವಾರವನ್ನೇ ಆರಿಸಿಕೊಳ್ಳಬೇಕು. ಮಳೆ ಕೈಕೊಟ್ಟ ಕಡೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಆಗ ಬಿಸಿಲಲ್ಲೂ ದಾರಿಯ ತುಂಡುಗಳು ಕೆಸರಾಗಿರುತ್ತವೆ. ಇದೇ ತಿಂಗಳುಗಳು ಕಾಡ್ಗಿಚ್ಚಿನವು. ಹುಲ್ಲು ಒಣಗಿದ ಏಣುಗಳಿಗೆ ಇಲಾಖೆ ಪ್ರವೇಶ ನಿಲ್ಲಿಸುವುದು ಸಾಮಾನ್ಯ.

ಇಲ್ಲಿನ ಕಾಫಿಗೆ ತನ್ನದೇ ಗುರುತಿದೆ. ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ಚಿಕ್ಕಮಗಳೂರು ಅರೇಬಿಕಾ ಎರಡಕ್ಕೂ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೇ ಜಿಲ್ಲೆಯದು.

ಅನುಮತಿ, ಕಾಡು, ಪ್ರಾಣಿ

ಇಟಲಿಯ ದ್ರಾಕ್ಷಿ ಸೀಮೆಯಲ್ಲಿ ತೋಟಗಳ ನಡುವಿನ ಮಣ್ಣುದಾರಿ ಬಹುಪಾಲು ಸಾರ್ವಜನಿಕ. ಇಲ್ಲಿ ಹಾಗಲ್ಲ. ಗೇಟಿನ ಒಳಗಿನ ದಾರಿ ತೋಟದ ಮಾಲೀಕರದು. ಕೇಳಿ, ಒಪ್ಪಿದರೆ ಮಾತ್ರ ಹೋಗಬೇಕು. ಕೇಳಿದವರಿಗೆ ಮಲೆನಾಡಿನವರು ಇಲ್ಲವೆನ್ನುವುದು ಅಪರೂಪ, ಹಲವೊಮ್ಮೆ ಒಂದು ಲೋಟ ಕಾಫಿಯೂ ಸಿಗುತ್ತದೆ. ಕೇಳದೆ ನುಗ್ಗಿದವರಿಂದಾಗಿ ಮುಂದೆ ಬರುವವರಿಗೆ ಗೇಟು ಮುಚ್ಚುತ್ತದೆ.

ಕಾಡಿನ ವಿಚಾರದಲ್ಲಿ ಕೇಳುವುದೂ ಸಾಲದು. 1951ರಲ್ಲಿ ಜಾಗರ ಕಣಿವೆ ವನ್ಯಧಾಮವಾಗಿ ಶುರುವಾದದ್ದು 1974ರಲ್ಲಿ ವಿಸ್ತಾರಗೊಂಡು ಭದ್ರಾ ಅಭಯಾರಣ್ಯವಾಯಿತು, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಪರವಾನಗಿ ಇಲ್ಲದೆ ಒಳಗೆ ಹೋಗುವಂತಿಲ್ಲ. ಹೆಬ್ಬೆ ಜಲಪಾತದ ದಾರಿಗೂ ಖಾಸಗಿ ವಾಹನ ಬಿಡುವುದಿಲ್ಲ. ಶುಲ್ಕ ಕಟ್ಟಿ, ಇಲಾಖೆ ಗೊತ್ತುಮಾಡಿದ ಜೀಪಿನಲ್ಲಿ ಹೋಗಿ, ಮುಂದೆ ನಡೆಯಬೇಕು. ಸೈಕಲ್ ಸವಾರನೂ ಕೆಮ್ಮಣ್ಣುಗುಂಡಿಯ ಕಡೆ ಸೈಕಲ್ ನಿಲ್ಲಿಸಿ ಹೆಬ್ಬೆಗೆ ಇಳಿಯುವುದೇ ಕ್ರಮ.

ಈ ನಿರ್ಬಂಧವನ್ನು ನಾನು ಒಪ್ಪುತ್ತೇನೆ. 2000ದ ದಶಕದ ಆರಂಭದಲ್ಲಿ ಅಭಯಾರಣ್ಯದ ಒಳಗಿನ ಹಳ್ಳಿಗಳ ಕುಟುಂಬಗಳು ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಗೊಂಡವು. ತಲೆಮಾರುಗಳ ಗದ್ದೆ, ಮನೆ, ದೇವರ ಬನ ಬಿಟ್ಟು ಬಂದವರು ಅವರು. ಅವರ ಗಾಡಿಗಳು ಓಡಾಡುತ್ತಿದ್ದ ದಾರಿಯಲ್ಲಿ ಈಗ ಹುಲ್ಲು ಬೆಳೆದು ಕಡವೆ ಮೇಯುತ್ತವೆ. ಅವರೇ ಬಿಟ್ಟುಕೊಟ್ಟ ದಾರಿಯಲ್ಲಿ ರಜೆಯ ಮೋಜಿಗೆ ಸೈಕಲ್ ಓಡಿಸುವ ಹಕ್ಕು ಪಟ್ಟಣದಿಂದ ಬಂದವರಿಗೆ ಇರಲಾರದು.

ಪ್ರಾಣಿಗಳು ಗಡಿ ನೋಡುವುದಿಲ್ಲ. ಆನೆ ತೋಟಗಳಿಗೂ ಬರುತ್ತದೆ, ಕಾಟಿ ಮುಂಜಾನೆ ದಾರಿಯಲ್ಲೇ ನಿಂತಿರುತ್ತದೆ. ಮೋಟಾರಿಗೆ ಸದ್ದಿದೆ, ಸೈಕಲ್ಲಿಗೆ ಇಲ್ಲ, ಅದೇ ಅಪಾಯ. ಇಳಿಜಾರಿನ ತಿರುವುಗಳಲ್ಲಿ ಬೆಲ್ ಬಾರಿಸುತ್ತ ಹೋಗಬೇಕು. ಬೆಳಕು ಹರಿಯುವ ಮುನ್ನ, ಕತ್ತಲಾದ ಮೇಲೆ ತೋಟದ ದಾರಿ ತುಳಿಯಬಾರದು. ಆನೆ ಎಲ್ಲಿದೆಯೆಂದು ನಿಖರವಾಗಿ ತಿಳಿದಿರುವವರು ತೋಟದ ಕಾವಲುಗಾರರು. ಅವರ ಮಾತೇ ಅಂತಿಮ.

ಇತರೆಡೆಯ ಸಾಮ್ಯ

ಇಟಲಿಯ ಟಸ್ಕನಿಯಲ್ಲಿ ಕಿಯಾಂಟಿ ದ್ರಾಕ್ಷಿ ಸೀಮೆಯ ಬಿಳಿ ಮಣ್ಣುದಾರಿಗಳು ಒಂದೊಂದಾಗಿ ಡಾಂಬರಿನಡಿ ಸೇರುತ್ತಿದ್ದಾಗ, ಅವನ್ನು ಉಳಿಸಬೇಕೆಂದು ಜಾನ್‌ಕಾರ್ಲೊ ಬ್ರೊಚ್ಚಿ 1997ರಲ್ಲಿ ಗಾಯೊಲೆ ಎಂಬ ಊರಿನಿಂದ ಎಲ್'ಎರೊಯ್ಕಾ ಸವಾರಿ ಆರಂಭಿಸಿದರು. ಹಳೆಯ ಕಾಲದ ಸೈಕಲ್ಲುಗಳಿಗೇ ಮೀಸಲಾದ ಆ ಸವಾರಿಯ ಬೆನ್ನಿಗೆ 2007ರಲ್ಲಿ ಸಿಯೆನಾದಲ್ಲಿ ಮುಗಿಯುವ ವೃತ್ತಿಪರರ ಸ್ಪರ್ಧೆಯೂ ಹುಟ್ಟಿತು. ಮಣ್ಣುದಾರಿಯೂ ಪರಂಪರೆಯೆಂದು ಒಂದು ಸೀಮೆ ಒಪ್ಪಿಕೊಂಡ ಉದಾಹರಣೆ ಇದು. ಅಮೆರಿಕದ ಕ್ಯಾನ್ಸಸ್‌ನ ಹುಲ್ಲುಗಾವಲು ಗುಡ್ಡಗಳಲ್ಲಿ 2006ರಿಂದ ನಡೆಯುತ್ತಿರುವ ಸ್ಪರ್ಧೆ ಈ ಕ್ರೀಡೆಗೆ ಇಂದಿನ ಜನಪ್ರಿಯತೆ ತಂದಿತು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ಮೊದಲ ಗ್ರಾವೆಲ್ ವಿಶ್ವ ಚಾಂಪಿಯನ್‌ಷಿಪ್ 2022ರಲ್ಲಿ ಇಟಲಿಯ ವೆನೆಟೊದಲ್ಲಿ ನಡೆಯಿತು; ಮರುವರ್ಷದ್ದು ಅದೇ ಪ್ರಾಂತ್ಯದ ಪ್ರೊಸೆಕ್ಕೊ ದ್ರಾಕ್ಷಿ ಗುಡ್ಡಗಳ ಕಡೆ.

ಕರ್ನಾಟಕದಲ್ಲೂ ದ್ರಾಕ್ಷಿ, ಸೈಕಲ್ ಒಟ್ಟಿಗಿರುವ ಜಾಗವೊಂದಿದೆ: ನಂದಿ ಬೆಟ್ಟದ ಸುತ್ತು. 1988ರಲ್ಲಿ ಸ್ಥಾಪನೆಯಾದ ಗ್ರೋವರ್ ವೈನ್ ಸಂಸ್ಥೆಯ ತೋಟಗಳು ದೊಡ್ಡಬಳ್ಳಾಪುರದ ಕಡೆ ಇವೆ. ಬೆಂಗಳೂರಿನ ಸವಾರರಿಗೆ ನಂದಿಯ ಏರು ವಾರಾಂತ್ಯದ ವಾಡಿಕೆ. ಆದರೆ ಆ ಏರು ಡಾಂಬರಿನದು, ನೆರಳೂ ಕಡಿಮೆ.

ಚಿಕ್ಕಮಗಳೂರಿನ ತೋಟದ ದಾರಿಗಳಿಗೆ ಕ್ರೀಡೆ ಹೊಸದಲ್ಲ. ಮೋಟಾರ್ ರ್‍ಯಾಲಿ ಇಲ್ಲಿ ದಶಕಗಳಿಂದ ನೆಲೆಯೂರಿದೆ, ಏಷ್ಯಾ ಪೆಸಿಫಿಕ್ ರ್‍ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ಇದೇ ಕಾಫಿ ತೋಟಗಳ ಮಣ್ಣಿನಲ್ಲಿ ನಡೆದಿದೆ. 2013, 2016 ಮತ್ತು 2017ರಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದ ಗೌರವ್ ಗಿಲ್ ಇಲ್ಲಿನ ತಿರುವುಗಳಿಗೆ ಚಿರಪರಿಚಿತರು. ಮಲ್ನಾಡ್ ಅಲ್ಟ್ರಾ ಎಂಬ ದೂರದ ಓಟವೂ ತೋಟದ ದಾರಿಗಳಲ್ಲೇ ನಡೆಯುತ್ತದೆ. ಇವೆಲ್ಲಕ್ಕೂ ಮುಂಚಿನಿಂದ ಇಲ್ಲಿ ಸೈಕಲ್ ತುಳಿದವರು ಅಂಚೆಯವರು, ಹಾಲು ಹಾಕುವವರು, ಶಾಲೆಯ ಮಕ್ಕಳು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದ ಮೇಲೆ, ಗೇರಿಲ್ಲದ ಆ ಭಾರದ ಸೈಕಲ್ಲುಗಳನ್ನು ಏರಿನಲ್ಲಿ ತಳ್ಳುತ್ತ, ಇಳಿಜಾರಿನಲ್ಲಿ ಹಾರಿಸುತ್ತ ಶಾಲೆಗೆ ಹೋದ ಒಂದು ಪೀಳಿಗೆ ಈ ತಪ್ಪಲಿನಲ್ಲಿದೆ.

ತಲುಪುವ ಬಗೆ

ಬೀರೂರು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಜಂಕ್ಷನ್. ತರೀಕೆರೆ ಅಲ್ಲಿಂದ ಶಿವಮೊಗ್ಗದ ಕಡೆಯ ಹಳಿಯಲ್ಲಿದೆ, ಅಜ್ಜಂಪುರ ಚಿಕ್ಕಜಾಜೂರಿನ ಕಡೆಯದರಲ್ಲಿ. ಬೀರೂರಿನಲ್ಲಿ ಇಳಿದು ಲಿಂಗದಹಳ್ಳಿಯವರೆಗೆ ಬಯಲಿನಲ್ಲಿ ಮೈ ಬಿಸಿ ಮಾಡಿಕೊಂಡು ಘಾಟಿ ಏರುವುದು ಅನುಕೂಲ. ಕೆಮ್ಮಣ್ಣುಗುಂಡಿಯಲ್ಲಿ ತೋಟಗಾರಿಕೆ ಇಲಾಖೆಯ ತಂಗುಮನೆಗಳಿವೆ. ಸೈಕಲ್ ಅಂಗಡಿ ಕೆಳಗಿನ ಪಟ್ಟಣಗಳಲ್ಲಿ ಮಾತ್ರ, ಅಲ್ಲೂ ಸಿಗುವುದು ಸಾಮಾನ್ಯ ಸೈಕಲ್ಲಿನ ಸಾಮಾನು. ಅಗಲ ಟೈರಿಗೆ ಹೊಂದುವ ಟ್ಯೂಬ್, ಚೈನಿನ ಕೊಂಡಿ, ಬ್ರೇಕ್ ಪ್ಯಾಡ್ ಜೊತೆಯಲ್ಲೇ ಇರಬೇಕು. ಘಾಟಿ ಏರಿದ ಮೇಲೆ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಯಾವ ದಾರಿಯಲ್ಲಿ ಹೋಗುತ್ತೇವೆ, ಎಷ್ಟು ಹೊತ್ತಿಗೆ ಇಳಿಯುತ್ತೇವೆ ಎಂಬುದನ್ನು ಲಿಂಗದಹಳ್ಳಿಯಲ್ಲೇ ಯಾರಿಗಾದರೂ ಹೇಳಿ ಹೊರಡಬೇಕು.